ಹುಮನಾಬಾದಿನ ಕೋಣೆಯಲ್ಲಿ ಇಳಿದ ಹನಿ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕರೆ ಅದೂ ಒಂದು ಕೃಪೆ. ಎರಡು ನೀರಿನ ಕ್ಯಾನು, ಒಂದು ಬುತ್ತಿಚೀಲ, ಜೊತೆಗೆ ಮಂಡಿನೋವು ಇಟ್ಟುಕೊಂಡು ಓಡಾಡುವ ನನ್ನಂಥವಳಿಗೆ ಕಿಟಕಿಯ ಪಕ್ಕ ಸಿಕ್ಕರಂತೂ ಶರಣರೇ ಎದ್ದು ಜಾಗ ಬಿಟ್ಟುಕೊಟ್ಟಂತೆ. ಆ ವರ್ಷ ಬೇಸಿಗೆಯಿಂದ ದಸರೆಯ ತನಕ ನಾನು ಆ ಬಸ್ಸು ಬಹಳ ಸಲ ಹತ್ತಿದೆ. ಒಂದು ದಿನ ಕಂಡಕ್ಟರ್ ಕೇಳಿಯೇ ಬಿಟ್ಟ.

"ಏನ್ರಿ ಅಕ್ಕೋರ, ಹುಮನಾಬಾದಿನಾಗ ನೀರಿಲ್ಲೇನ್ರಿ? ಕಲ್ಯಾಣದಿಂದ ಹೊತ್ತುಕೊಂಡು ಹೊಂಟೀರಲ್ಲ?"

"ಇದು ಕುಡಿಯೂದಲ್ಲಪ್ಪ. ಬ್ಯಾಟರಿ ನೀರು," ಎಂದೆ.

"ಹಂಗಾದ್ರ ನಮ್ಮ ಬಸ್ಸಿಗೂ ಜರಾ ಹಾಕ್ರಿ. ನೂಕಿಸ್ಕೊಂಡೇ ಚಾಲೂ ಆಗ್ತದ ಇದು."

ಬಸ್ಸೆಲ್ಲ ನಕ್ಕಿತು. ಪಕ್ಕದಲ್ಲಿ ಕೂತಿದ್ದ ನನ್ನ ಸೊಸೆ ಮಾತ್ರ ನಗಲಿಲ್ಲ. ಕ್ಯಾನನ್ನು ಕಾಲುಗಳ ನಡುವೆ ಭದ್ರವಾಗಿ ಹಿಡಿದುಕೊಂಡು ಹೊರಗೆ ತೊಗರಿ ಹೊಲಗಳನ್ನು ನೋಡುತ್ತಿದ್ದಳು. ಅವಳ ಪುಡಿ ಕೆಲಸ ನಿಲ್ಲಿಸಿಬಿಟ್ಟಿತ್ತು. ಯಾಕೆ ಅಂತ ಅವಳಿಗೂ ತಿಳಿದಿರಲಿಲ್ಲ.

ಪುಡಿ ಎಂದರೆ ಏನು ಅಂತ ಹೇಳಬೇಕು. ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಓದಿದ್ದು ಕಡಿಮೆ. ಸೊಸೆ ರಸಾಯನಶಾಸ್ತ್ರ ಓದಿದವಳು. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಸೇರಿಕೊಂಡಿದ್ದಾಗಲೇ ನಮ್ಮ ಮನೆಗೆ ಬಂದಳು. ನಾವು ಉಸಿರು ಬಿಟ್ಟಾಗ ಹೊರಗೆ ಬರುವ ಗಾಳಿ, ಕಾರ್ಖಾನೆಯ ಚಿಮಣಿಯಿಂದ ಏಳುವ ಗಾಳಿ, ಸೋಡಾ ಬಾಟಲಿಯಲ್ಲಿ ಬುಸ್ಸೆನ್ನುವ ಗಾಳಿ, ಎಲ್ಲದರಲ್ಲೂ ಇರುವುದು ಇಂಗಾಲದ ಡೈಆಕ್ಸೈಡ್. ಅದು ಹೆಚ್ಚಾಗಿಯೇ ಲೋಕಕ್ಕೆ ಬಿಸಿ ಏರಿದೆ ಅಂತ ಟಿ.ವಿ.ಯಲ್ಲೂ ಹೇಳುತ್ತಾರೆ. ಆ ಗಾಳಿಯನ್ನು ಹಿಡಿದು, ಜಲಜನಕದ ಜೊತೆ ಕೂಡಿಸಿ, ಮೆಥನಾಲ್ ಎಂಬ ದ್ರವ ಮಾಡುವುದು ಅವಳ ಕೆಲಸ. ಔಷಧ ಮಾಡುವವರು, ಬಣ್ಣ ಮಾಡುವವರು, ಎಲ್ಲರೂ ಕೊಳ್ಳುವ ಸಾಮಾನು ಅದು. ಆದರೆ ಆ ಎರಡು ಗಾಳಿಗಳು ತಾವಾಗಿ ಕೂಡುವುದಿಲ್ಲವಂತೆ. ನಡುವೆ ಒಂದು ಪುಡಿ ಬೇಕು. ತಾಮ್ರ, ಸತು, ಜಿರ್ಕೋನಿಯಂ ಎಂಬ ಮತ್ತೊಂದು ಲೋಹ, ಇವುಗಳ ಆಕ್ಸೈಡುಗಳ ಪುಡಿ. ಅದಕ್ಕೆ ಅವರು ವೇಗವರ್ಧಕ ಅನ್ನುತ್ತಾರೆ.

ಇದನ್ನೆಲ್ಲ ಅವಳು ಮದುವೆಯಾದ ಹೊಸದರಲ್ಲಿ ನಮ್ಮ ಆಯಿಗೆ ಹೇಳಿದಳು. ಆಯಿ ಎಂದರೆ ನನ್ನ ಅತ್ತೆ. ಮನೆಮಂದಿಯೆಲ್ಲ ಅವರನ್ನು ಹಾಗೇ ಕರೆಯುತ್ತೇವೆ. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಅವರು ಎಲೆಅಡಿಕೆ ಕುಟ್ಟುತ್ತಾ ಕೇಳಿಸಿಕೊಂಡರು.

"ಅಂದ್ರ, ಆ ಪುಡಿ ಹೆಣ್ಣಿನ ಕಡಿಯವರನ್ನೂ ಗಂಡಿನ ಕಡಿಯವರನ್ನೂ ಒಂದ ಕಡಿ ಕೂಡಿಸ್ತದ ಅನ್ನು."

"ಬರೋಬ್ಬರಿ ಹೇಳಿದ್ರಿ ಆಯಿ. ಲಗ್ನ ಆಗೂತನಕ ನಡುವ ಇರ್ತದ. ಆಮ್ಯಾಲ ತಾನು ಕೈ ಬಿಡಿಸ್ಕೊಂಡು ಮತ್ತೊಂದು ಜೋಡಿ ಹುಡುಕ್ಲಾಕ ಹೋಗ್ತದ."

"ಹೋಳಿಗಿ ಉಂಡು ಹೋಗ್ತದೋ, ಹಂಗೇ ಹೋಗ್ತದೋ?"

"ಹಂಗೇ ಹೋಗ್ತದ್ರಿ."

"ಹಂಗಾದ್ರ ನನ್ಕಿಂತ ಚಲೋ ಅದ," ಎಂದರು ಆಯಿ. ಊರೊಳಗೆ ಅರ್ಧ ಮದುವೆಗಳು ಅವರು ಕೂಡಿಸಿದವೇ. ಒಂದರಲ್ಲೂ ಹೋಳಿಗೆ ಬಿಟ್ಟವರಲ್ಲ.

ಈ ಕೆಲಸಕ್ಕೆ ಜಾಗ ಕೊಟ್ಟವರು ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ರಾಸಾಯನಿಕ ಕಾರ್ಖಾನೆ ನಡೆಸುವ ಮಾಲಕರು. ನಮ್ಮ ಬೀಗರಿಗೆ ಪರಿಚಯದವರು. ಅವರ ಕಾರ್ಖಾನೆಗೆ ಮೆಥನಾಲ್ ಡ್ರಮ್ಮುಗಟ್ಟಲೆ ಬೇಕು. ಅವರ ಚಿಮಣಿಯಿಂದ ಹೋಗುವುದೂ ಇದೇ ಗಾಳಿ. ಬಿಡುವುದರಿಂದಲೇ ಬೇಕಾದ್ದು ಬಂದರೆ ಯಾರು ಬೇಡ ಅಂದಾರು? ಹಿಂದುಗಡೆಯ ಒಂದು ಕೋಣೆ ಕೊಟ್ಟರು. ಆದರೆ ವ್ಯಾಪಾರದ ಮನುಷ್ಯ, ಮಾತು ಬಿಗಿಯಾಗಿ ಕಟ್ಟಿಯೇ ಕೊಟ್ಟರು. ಸೊಸೆಯನ್ನು ಅವರು ಗೌರವದಿಂದ "ಬಾಯಿ" ಅಂತ ಕರೆಯುತ್ತಾರೆ.

"ಮಹಾನವಮಿ ತನಕ ನೋಡ್ರಿ ಬಾಯಿ. ಮೆಥನಾಲ್ ಹನಿ ಬಂತಂದ್ರ ಕೋಣಿ ನಿಮ್ದು. ಬರಲಿಲ್ಲಂದ್ರ ನನ್ನ ಡ್ರಮ್ಮಿಂದು. ದಸರಾ ಆದಮ್ಯಾಲ ನನಗ ಮಾಲು ಇಡ್ಲಾಕ ಜಾಗ ಸಾಲೂದಿಲ್ಲ."

"ಹನಿ ಬರ್ತದ್ರಿ," ಎಂದಿದ್ದಳು ಸೊಸೆ.

ಆ ಕೋಣೆ ಹೋದರೆ ಅವಳ ಓದೇ ನಿಂತಂತೆ. ಕಲಬುರಗಿಗೆ ದಿನಾ ಹೋಗಿಬರುವುದು ಸಂಸಾರಸ್ಥೆಗೆ ಆಗುವ ಮಾತಲ್ಲ. ಅಲ್ಲಿಯ ಯಂತ್ರಕ್ಕೂ ಹುಡುಗರು ಸಾಲುಗಟ್ಟಿ ಕಾಯುತ್ತಿರುತ್ತಾರಂತೆ. ಅವಳ ಗೈಡು, ಅಂದರೆ ಕಲಿಸುವ ಗುರುಗಳು, ಒಳ್ಳೆಯವರು. ಹಳೆಯ ಉಕ್ಕಿನ ಕೊಳವೆ, ಕುಲುಮೆ ಎಲ್ಲ ಕೊಟ್ಟು ಕಳಿಸಿದ್ದರು. "ಹುಮನಾಬಾದಿನಾಗೇ ಮಾಡಿ ತೋರಸ್ರಿ" ಅಂದಿದ್ದರು. ಹೀಗಾಗಿ ಆ ಕೋಣೆಯೇ ಅವಳ ಗುಡಿ.

ಕ್ಯಾನುಗಳನ್ನು ಒಬ್ಬಳೇ ಹೊರಲಾಗುತ್ತಿರಲಿಲ್ಲ, ಅದಕ್ಕೆ ನಾನು ಜೊತೆಗೆ ಹೋಗುವುದು ರೂಢಿಯಾಯಿತು. ಓಣಿಯ ಹೆಂಗಸರು ಬಿಡಬೇಕಲ್ಲ.

"ಸೊಸಿ ಫ್ಯಾಕ್ಟರಿಗಿ ಹೋಗ್ತಾಳ, ಅತ್ತಿ ಬುತ್ತಿ ಹೊರ್ತಾಳ. ಕಾಲ ಉಲ್ಟಾ ಆಯ್ತು ನೋಡ್ರಿ."

"ಹೊರ್ಲಾಕ ದೇವರು ಕೈ ಕೊಟ್ಟಾನಲ್ಲ, ಅದೇ ಪುಣ್ಯ," ಎಂದು ಹೇಳಿ ಮುಂದೆ ಹೋಗುತ್ತಿದ್ದೆ.

ಮೊದಲ ದಿನ ಆ ಕೋಣೆಗೆ ಕಾಲಿಟ್ಟಾಗ ನಾನು ಚೀಲದಿಂದ ಊದಿನಕಡ್ಡಿ ತೆಗೆದೆ. ಹೊಸ ಜಾಗ, ಒಳ್ಳೆಯ ಕೆಲಸ, ಒಂದು ಕಡ್ಡಿಯಾದರೂ ಬೆಳಗಬಾರದೆ? ಬೆಂಕಿಪೆಟ್ಟಿಗೆ ಕಂಡದ್ದೇ ತಡ, ಸೊಸೆ ಓಡಿಬಂದು ನನ್ನ ಕೈ ಹಿಡಿದಳು.

"ಅತ್ತಿ! ಆ ಕೆಂಪು ಸಿಲಿಂಡರಿನಾಗ ಜಲಜನಕ ಅದ. ಇಲ್ಲಿ ಕಡ್ಡಿ ಗೀರಿದ್ರ ನಾವಿಬ್ಬರೂ ಸೀದಾ ಕೈಲಾಸಕ್ಕ!"

"ಕೈಲಾಸಕ್ಕ ಒಂದಿನ ಹೋಗೂದೇ ಅದವ್ವ, ಆದ್ರ ಇವತ್ತು ಬ್ಯಾಡ. ಮನ್ಯಾಗ ಹಿಟ್ಟು ನಾದಿಟ್ಟು ಬಂದೀನಿ," ಎಂದೆ. ಬೆಂಕಿಪೆಟ್ಟಿಗೆಯನ್ನು ಗೇಟಿನ ಕಾವಲುಗಾರನ ಕೈಗೆ ಕೊಟ್ಟುಬಂದೆ. ಅಂದಿನಿಂದ ಆ ಕೋಣೆಯಲ್ಲಿ ನನ್ನ ಪೂಜೆ ಮನಸ್ಸಿನೊಳಗೇ.

ಅವಳು ಕೆಲಸ ಮಾಡುವುದನ್ನು ನೋಡಲು ಚೆಂದ. ತಾಮ್ರದ ಉಪ್ಪು ಕರಗಿಸಿದ ನೀರು ನವಿಲಿನ ಕೊರಳಿನ ನೀಲಿ. ಅದನ್ನೂ ಬಟ್ಟೆ ಒಗೆಯುವ ಸೋಡಾ ಕರಗಿಸಿದ ನೀರನ್ನೂ ಬೆಚ್ಚಗಿನ ಪಾತ್ರೆಗೆ ಹನಿಹನಿಯಾಗಿ ಬಿಡುತ್ತಾಳೆ. ತಳದಲ್ಲಿ ತಿಳಿಹಸಿರು ರಾಡಿ ಕೂಡುತ್ತದೆ. ಆ ರಾಡಿಯನ್ನು ಸೋಸಿ, ಅದರೊಳಗಿನ ಸೋಡಾ ಹೋಗುವ ತನಕ ಬ್ಯಾಟರಿ ನೀರಿನಿಂದ, ಅಂದರೆ ಉಪ್ಪಿಲ್ಲದ ಶುದ್ಧ ನೀರಿನಿಂದ, ತೊಳೆಯಬೇಕು. ಆಮೇಲೆ ಒಣಗಿಸಿ ಕುಲುಮೆಯಲ್ಲಿ ಸುಟ್ಟರೆ ಕಾಡಿಗೆಯಂಥ ಕಪ್ಪು ಪುಡಿ. ಕಾಡಿಗೆಗಿಂತಲೂ ಎಷ್ಟೋ ಪಾಲು ಸಣ್ಣ. ಒಂದು ಕಣವನ್ನು ಕಣ್ಣಿನಿಂದಷ್ಟೇ ಅಲ್ಲ, ಸಾಮಾನ್ಯ ಸೂಕ್ಷ್ಮದರ್ಶಕದಿಂದಲೂ ಕಾಣಲಾಗದು. "ಸಣ್ಣದಿದ್ದಷ್ಟೂ ಅದರ ಮೈ ಜಾಸ್ತಿ, ಅತ್ತಿ. ಗಾಳಿ ಬಂದು ಕೂಡೂದು ಮೈ ಮ್ಯಾಲ," ಅನ್ನುತ್ತಾಳೆ. ಆ ಪುಡಿಯನ್ನು ಉಕ್ಕಿನ ಸಣ್ಣ ಕೊಳವೆಯಲ್ಲಿ ತುಂಬಿ, ಕಾಯಿಸಿ, ಒತ್ತಡ ಕೊಟ್ಟು ಎರಡೂ ಗಾಳಿ ಬಿಟ್ಟರೆ, ಆಚೆ ತುದಿಯಲ್ಲಿ ಬರ್ಫದ, ಅಂದರೆ ಮಂಜುಗಡ್ಡೆಯ, ತೊಟ್ಟಿಯಲ್ಲಿ ಇಟ್ಟ ಗಾಜಿನ ಬುರುಡೆಯಲ್ಲಿ ಹನಿ ಇಳಿಯಬೇಕು.

ಬೇಸಿಗೆಗೆ ಮುಂಚೆ ಕಲಬುರಗಿಯಲ್ಲಿ ಮಾಡಿದ ಚಿಟಿಕೆಯಷ್ಟು ಪುಡಿಯಲ್ಲಿ ಹನಿ ಇಳಿದಿತ್ತು. ಅದನ್ನು ನೋಡಿಯೇ ಮಾಲಕರು ಕೋಣೆ ಕೊಟ್ಟಿದ್ದು. ಈಗ ಅವರ ಮುಂದೆ ತೋರಿಸಲು ದೊಡ್ಡ ಕೊಳವೆ, ಹೆಚ್ಚು ಪುಡಿ. ಅದು ಮಾತ್ರ ಬರಲಿಲ್ಲ. ಮೊದಲು ಎರಡು ಹನಿ ಅತ್ತಂತೆ ಮಾಡುತ್ತದೆ, ಆಮೇಲೆ ನಿಂತುಬಿಡುತ್ತದೆ. ಆಷಾಢ ಹೋಯಿತು, ಶ್ರಾವಣ ಬಂತು. ಸೊಸೆ ಬಿಸಿ ಬದಲಿಸಿದಳು, ಒತ್ತಡ ಬದಲಿಸಿದಳು, ಸತುವಿನ ಪಾಲು ಬದಲಿಸಿದಳು. ಪ್ರತಿ ಸಲ ಕೊಳವೆ ಬಿಚ್ಚಿ ಪುಡಿಯನ್ನು ಕಾಗದದ ಮೇಲೆ ಸುರಿದು, "ಸತ್ತದ ಅತ್ತಿ" ಅನ್ನುವಳು. ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ರೊಟ್ಟಿ ಮುರಿದು ಮುರಿದು ಇಡುವಳು, ಬಾಯಿಗೆ ಹಾಕಿಕೊಳ್ಳಳು.

ನಾನು ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಮನೆಮಂದಿಯ ಸುಖ ಬೇಡಿಕೊಳ್ಳುವ ಜೊತೆಗೆ ಆ ಪುಡಿಯನ್ನೂ ಸೇರಿಸಿಕೊಂಡೆ. ತಾಮ್ರದ ಪುಡಿಗೆ ಆಯುಷ್ಯ ಬೇಡುವುದು ಸರಿಯೋ ತಪ್ಪೋ ಯಾರನ್ನೂ ಕೇಳಲಿಲ್ಲ. ಶಿವನಿಗೆ ಲೋಹ ಬೇರೆ, ಮನುಷ್ಯ ಬೇರೆ ಏನಲ್ಲ.

ಭಾದ್ರಪದದ ಒಂದು ಬೆಳಿಗ್ಗೆ ಸತ್ಯ ಹೊರಗೆ ಬಂತು. ನಾವು ಹೊರಡಲು ತಯಾರಾಗಿದ್ದೆವು. ಸೊಸೆ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು, ನಾನು ಬುತ್ತಿ ಕಟ್ಟುತ್ತಿದ್ದೆ. ಬಾಗಿಲ ಬಳಿ ಗುಳು ಗುಳು ಸದ್ದು. ಸೊಸೆ ಹಣಿಗೆ ಕೈಯಲ್ಲೇ ಹಿಡಿದು ಹೊರಗೆ ಬಂದಳು. ನಾನೂ ಇಣುಕಿದೆ. ಹೊಸ್ತಿಲ ಹತ್ತಿರ ಇಟ್ಟ ಕ್ಯಾನಿನ ಮುಚ್ಚಳ ತೆಗೆದು, ಆಯಿ ದೇವರ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದರು.

"ಆಯಿ! ಏನ್ ಮಾಡಾಕತ್ತೀರಿ?"

"ಏನ್ ಮಾಡ್ಲೆವ್ವ, ತುಂಬ್ಸಾಕತ್ತೀನಿ. ಕ್ಯಾನು ಕಂಠದ ತನಕ ಇಲ್ಲ. ತುಂಬದ ಕೊಡ ಹೊತ್ತು ಹೊಸ್ತಿಲ ದಾಟಬಾರ್ದು. ಕೆಲಸ ಕೈಗೂಡೂದಿಲ್ಲ."

"ದಿನಾ ತುಂಬಿಸ್ತೀರಾ?"

"ಕಮ್ಮಿ ಕಂಡಾಗೆಲ್ಲ. ನೀ ಯಾವ ದಿನ ಅರ್ಧ ಕ್ಯಾನು ಹೊತ್ತು ಹೋಗೀದಿ ಹೇಳು ನೋಡೋಣ?"

ಸೊಸೆ ಅಲ್ಲೇ ನಿಂತಳು. ನಾನು ಹೆದರಿದೆ. ಏನಾದರೂ ಅಂದುಬಿಟ್ಟರೆ ಮನೆಯ ಶಾಂತಿ ಹೋಗುತ್ತದೆ. ಅವಳು ಒಳಗೆ ಓಡಿ ಪೆನ್ನಿನಂಥ ಒಂದು ಸಾಮಾನು ತಂದಳು. ಶುದ್ಧ ನೀರಿನ ಯಂತ್ರ ಮಾರಲು ಮನೆಮನೆಗೆ ಬರುವವರು ಲೋಟದಲ್ಲಿ ಅದ್ದಿ ತೋರಿಸುತ್ತಾರಲ್ಲ, ಅದೇ. ನೀರಿನಲ್ಲಿ ಉಪ್ಪು ಎಷ್ಟಿದೆ ಹೇಳುವುದು. ಬ್ಯಾಟರಿ ನೀರಿನಲ್ಲಿ ಅದು ಸೊನ್ನೆಯ ಹತ್ತಿರವೇ ನಿಲ್ಲಬೇಕು. ಕ್ಯಾನಿನಲ್ಲಿ ಅದ್ದಿದೊಡನೆ ಅಂಕಿ ಸರಸರ ಏರಿತು.

ನಮ್ಮ ಮನೆಯದು ಬೋರಿನ ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವ ಗಡಸು ನೀರು.

ಹೇಗೆ ನಡೆಯಿತೆಂದು ಆಗ ಎಲ್ಲ ಕೂಡಿಕೊಂಡಿತು. ನನ್ನ ಮಗನದು ಇನ್ವರ್ಟರು, ಬ್ಯಾಟರಿಗಳ ಅಂಗಡಿ. ಕ್ಯಾನು ಅಲ್ಲಿಂದಲೇ ಬರುತ್ತಿತ್ತು. ಬೇಸಿಗೆಗೆ ಮುಂಚೆ ಮುಚ್ಚಳ ಒಡೆಯದ ಕ್ಯಾನು ನೇರ ಕಲಬುರಗಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕರೆಂಟು ಹೋಗುವುದು ಹೆಚ್ಚಾಗಿ, ಮನೆಯ ಇನ್ವರ್ಟರಿಗೆ ಬಾಯಾರಿಕೆ ಹೆಚ್ಚಾಯಿತು. ಮಗ ಮನೆಯಲ್ಲಿದ್ದ ಕ್ಯಾನಿನಿಂದಲೇ ಅದಕ್ಕೆ ಕುಡಿಸಿದ. ಕ್ಯಾನು ಕಡಿಮೆಯಾಗಿದ್ದು ಕಂಡು ಆಯಿ ಕ್ಯಾನಿಗೆ ಕುಡಿಸಿದರು. ಇಬ್ಬರೂ ಮಾಡಿದ್ದು ಒಳ್ಳೆಯದಕ್ಕೇ.

ಸೊಸೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂತ ನಾನು ಹತ್ತಿರ ಹೋದರೆ, ನಗುತ್ತಿದ್ದಾಳೆ! ಕಣ್ಣಲ್ಲಿ ನೀರು, ಬಾಯಲ್ಲಿ ನಗೆ.

"ಅತ್ತಿ, ನನ್ನ ಪುಡಿದು ತಪ್ಪಿಲ್ರಿ! ನನ್ನ ವಿಚಾರದ್ದೂ ತಪ್ಪಿಲ್ಲ! ಇಷ್ಟು ದಿನಾ ನನಗೇ ತಿಳೀವಲ್ದು ಅಂತ ತಲಿ ಕೆಡಿಸ್ಕೊಂಡಿದ್ದೆ. ನೀರು ನೋಡ್ಬೇಕು ಅಂತ ಮಾತ್ರ ಹೊಳಿಲಿಲ್ಲ. ಮುಚ್ಚಿದ ಕ್ಯಾನು ಅಂತ ನಂಬಿಬಿಟ್ಟಿದ್ದೆ."

ಆಯಿಗೆ ಸಿಟ್ಟು ಬಂತು. "ನಮ್ಮ ನೀರಿಗೇನಾಗ್ಯಾದ? ಇದೇ ನೀರು ಕುಡದು ಇಷ್ಟು ವಯಸ್ಸು ಬದುಕೀನಿ ನಾನು. ದೇವರಿಗಿ ಎರಿಯೂ ನೀರದು."

"ನೀವು ಬದುಕ್ತೀರಿ ಆಯಿ, ತಾಮ್ರ ಬದುಕೂದಿಲ್ಲ. ಈ ನೀರಿನಾಗಿನ ಉಪ್ಪು ಪುಡಿದಾಗ ಉಳಿದ್ರ, ಬಿಸಿ ಮಾಡಿದಾಗ ಸಣ್ಣ ಕಣ ಒಂದಕ್ಕೊಂದು ಅಂಟಿ ಗಡ್ಡಿ ಆಗ್ತಾವ. ಗಡ್ಡಿ ಆದ್ರ ಮೈ ಕಮ್ಮಿ ಆಯ್ತು. ಮುಗೀತು ಕೆಲಸ."

"ಮತ್ತ ಮೊದಲೇ ಯಾಕ ಹೇಳಲಿಲ್ಲ?"

"ನೀವು ತುಂಬಿಸ್ತೀರಿ ಅಂತ ನನಗೇನ್ ಗೊತ್ತು?"

"ತುಂಬಿಸದ ಯಾರರ ಕಳಿಸ್ತಾರೇನು?" ಎಂದರು ಆಯಿ. ಸೊಸೆ ಎದ್ದು ಅವರ ಕಾಲು ಮುಟ್ಟಿದಳು. ಯಾಕೆ ಮುಟ್ಟಿದಳೋ ಆಯಿಗೂ ತಿಳಿಯಲಿಲ್ಲ, ಆದರೂ ತಲೆಯ ಮೇಲೆ ಕೈ ಇಟ್ಟರು.

ಕಾರಣ ಸಿಕ್ಕಿತು, ಆದರೆ ಸಮಯ ಉಳಿದಿರಲಿಲ್ಲ. ಮಹಾನವಮಿ ಹತ್ತಿರವಾಗಿತ್ತು. ಮುಚ್ಚಳ ಒಡೆಯದ ಕ್ಯಾನುಗಳನ್ನು ಮಗನೇ ತನ್ನ ಗಾಡಿಯಲ್ಲಿ ಅಂಗಡಿಯಿಂದ ನೇರ ಹುಮನಾಬಾದಿಗೆ ಮುಟ್ಟಿಸಿದ. ಸೊಸೆ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ನವಿಲುನೀಲಿ ನೀರು, ಹನಿಹನಿ ಸೋಡಾ, ಹಸಿರು ರಾಡಿ. ತೊಳೆಯುವಾಗ ನಾನೂ ಕೈ ಕೊಟ್ಟೆ. ಸೋಸುವ ಕಾಗದದ ಮೇಲೆ ರಾಡಿ ಕೂತಿರುತ್ತದೆ, ನೀರು ಬಹಳ ನಿಧಾನ ಇಳಿಯುತ್ತದೆ. ಅವಸರ ಮಾಡಿದರೆ ಕಾಗದ ಹರಿಯುತ್ತದೆ. ನೀರು ಹಾಕು, ಕಾಯಿ, ಇಳಿದ ನೀರಿನಲ್ಲಿ ಪೆನ್ನು ಅದ್ದು, ಮತ್ತೆ ಹಾಕು. ನನಗೆ ಬೇರೇನೂ ಬರುವುದಿಲ್ಲ. ಕೂತು ಕಾಯುವುದು, ಬಾಯಲ್ಲಿ ಮಂತ್ರ ಹೇಳಿಕೊಳ್ಳುವುದು ಬರುತ್ತದೆ. ಅವಳು ಕುಲುಮೆ ನೋಡಿಕೊಂಡಳು, ನಾನು ನೀರು ನೋಡಿಕೊಂಡೆ. ಆ ದಿನಗಳಲ್ಲಿ ಹುಮನಾಬಾದಿನಲ್ಲಿ ಕರೆಂಟು ಒಂದು ಸಲವೂ ಹೋಗಲಿಲ್ಲ. ಮಳೆಗಾಲದ ಕೊನೆಯಲ್ಲಿ ಇದು ಸಣ್ಣ ಕೃಪೆಯಲ್ಲ. ಕಾಗದ ಹರಿಯಲಿಲ್ಲ, ಅದೂ ಕೃಪೆ. ನನ್ನ ಮಂಡಿ ಕೂಡ ಬಾಯಿ ಮುಚ್ಚಿಕೊಂಡಿತ್ತು.

ತೋರಿಸುವ ದಿನ ಬೆಳಿಗ್ಗೆ ನಾವು ಹೋದಾಗ ಕೋಣೆಯ ಮುಂದಿನ ಕಟ್ಟೆಯ ಮೇಲೆ ನೀಲಿ ಡ್ರಮ್ಮುಗಳು ಬಂದು ನಿಂತಿದ್ದವು. ಬಾಗಿಲಿಗೆ ಹೋಗಲು ಸೀರೆ ಒತ್ತಿಹಿಡಿದು ನುಸುಳಬೇಕಾಯಿತು. ಆಳುಗಳು ಬೀಡಿ ಸೇದಲು ಗೇಟಿನ ಹೊರಗೆ ಹೋಗಿದ್ದರು. ಸೊಸೆ ಡ್ರಮ್ಮುಗಳ ಕಡೆ ನೋಡಲೇ ಇಲ್ಲ. ಬೀಗ ತೆಗೆದು ಒಳಗೆ ಹೋಗಿ ಕೊಳವೆಯ ಸ್ಕ್ರೂಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ಮಾಲಕರು ಬಂದರು. ಜೊತೆಗೆ ಅವರ ಪರೀಕ್ಷಾ ವಿಭಾಗದ ಕೆಮಿಸ್ಟರು. ಮಂಠಾಳದ ಕಡೆಯವರು, ಮಾತು ಕಡಿಮೆ, ಮೀಸೆಯೊಳಗೇ ನಗುವ ಮನುಷ್ಯ. ದ್ರವದಲ್ಲಿ ಏನೇನಿದೆ ಎಂದು ಬೇರೆ ಬೇರೆ ಮಾಡಿ ತೆರೆಯ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ ಅವರ ಕೈಯಲ್ಲಿತ್ತು.

"ಹೂಂ, ಚಾಲೂ ಮಾಡ್ರಿ ಬಾಯಿ. ಡ್ರಮ್ಮು ಬಂದು ಕುಂತಾವ," ಎಂದರು ಮಾಲಕರು.

ಗಾಳಿ ಬಿಟ್ಟಳು. ಕೊಳವೆ ಕಾಯಿತು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಸೆರಗಿನೊಳಗೆ ಕೈ ಜೋಡಿಸಿದೆ. ಬಹಳ ಹೊತ್ತು ಏನೂ ಇಲ್ಲ. ಮಾಲಕರು ಫೋನು ತೆಗೆದರು, ಇಟ್ಟರು. ಆಮೇಲೆ ಬರ್ಫದೊಳಗಿನ ಬುರುಡೆಯ ಗೋಡೆಗೆ ಬೆವರು ಕೂತಂತೆ ಮಂಜು. ಮಂಜು ಕೂಡಿಕೊಂಡು ಒಂದು ಹನಿ. ಹನಿ ಜಾರಿ ತಳಕ್ಕೆ ಇಳಿಯಿತು. ಹಿಂದೆಯೇ ಇನ್ನೊಂದು. ಹಿಂದಿನ ಸಲಗಳಂತೆ ನಿಲ್ಲುತ್ತದೆಯೇ ಅಂತ ಉಸಿರು ಹಿಡಿದೆ. ನಿಲ್ಲಲಿಲ್ಲ. ಬರುತ್ತಲೇ ಇತ್ತು.

ಕೆಮಿಸ್ಟರು ಅದರಲ್ಲಿ ಸ್ವಲ್ಪ ಸೂಜಿಯಲ್ಲಿ ಎಳೆದುಕೊಂಡು ಹೊರಟರು. ನಾವೆಲ್ಲ ಅಂಗಳ ದಾಟಿ ಅವರ ಹಿಂದೆ ಹೋದೆವು. ಯಂತ್ರದ ತೆರೆಯ ಮೇಲೆ ಒಂದು ಗೆರೆ ನೆಲಕ್ಕಂಟಿ ಹರಿದಾಡುತ್ತಿತ್ತು. ಹಾಗೇ ಹೋಗುತ್ತಿದ್ದದ್ದು ಒಮ್ಮೆಲೇ ತಲೆಯೆತ್ತಿ ಗುಡಿಯ ಶಿಖರದ ಹಾಗೆ ನೆಟ್ಟಗೆ ಏರಿತು!

"ಮೆಥನಾಲ್," ಎಂದರು ಕೆಮಿಸ್ಟರು. ಅಷ್ಟೇ.

ನಾನು ಕೈ ಮುಗಿಯಲು ಹೋದೆ. ಅಷ್ಟರಲ್ಲಿ ಮಾಲಕರು ಗದ್ದ ತುರಿಸಿಕೊಂಡರು.

"ಅದೆಲ್ಲ ಖರೇ. ಆದ್ರ ನನ್ನ ಫ್ಯಾಕ್ಟರಿ ತುಂಬ ಮೆಥನಾಲೇ ಅದ. ಗಾಳ್ಯಾಗೂ ಅದೇ ವಾಸ್ನಿ. ನಮ್ಮ ಡ್ರಮ್ಮಿಂದೇ ಎಲ್ಲ್ಯಾರ ಬಂದು ಕೂತಿರಬಾರ್ದಾ? ನಾಳೆ ಯಾರರ ಕೇಳಿದ್ರ ನಾ ಏನ್ ಹೇಳ್ಲಿ?"

ಇಷ್ಟು ಮಾಡಿದ ಮೇಲೆ ಇನ್ನೂ ತಕರಾರೇ? ಸೊಸೆಯ ಮುಖ ನೋಡಿದೆ. ಅವಳು ಸಿಟ್ಟಾಗಿರಲಿಲ್ಲ. ಯಾರಾದರೂ ಈ ಪ್ರಶ್ನೆ ಕೇಳಲಿ ಅಂತಲೇ ಕಾಯುತ್ತಿದ್ದವಳಂತೆ ನಿಂತಿದ್ದಳು.

"ಚಲೋ ಕೇಳಿದ್ರಿ ಸರ್. ಬರ್ರಿ, ನೀವೇ ನೋಡ್ರಿ. ನಾ ಕೈ ಹಚ್ಚೂದಿಲ್ಲ."

ಕೋಣೆಗೆ ಬಂದು ಇಂಗಾಲದ ಡೈಆಕ್ಸೈಡಿನ ಸಿಲಿಂಡರು ತೋರಿಸಿದಳು. "ಇದನ್ನ ನೀವೇ ಬಂದ್ ಮಾಡ್ರಿ. ಬಾಕಿ ಎಲ್ಲ ಹಂಗೇ ಇರ್ಲಿ. ಅದೇ ಪುಡಿ, ಅದೇ ಕಾವು, ಅದೇ ಒತ್ತಡ, ಅದೇ ಕೋಣಿ, ಅದೇ ವಾಸ್ನಿ. ನಿಮ್ಮ ಡ್ರಮ್ಮಿಂದ ಬಂದಿದ್ರ ಈಗೂ ಬರ್ಬೇಕು."

ಮಾಲಕರು ಶರ್ಟಿನ ತೋಳು ಮಡಿಸಿ ತಾವೇ ಸಿಲಿಂಡರಿನ ಮೇಲಿನ ಗಾಲಿ ತಿರುಗಿಸಿ ಬಂದ್ ಮಾಡಿದರು. ಕೆಮಿಸ್ಟರು ಹೊಸ ಬುರುಡೆ ತೊಳೆದು ಜೋಡಿಸಿದರು. ಕೊಳವೆಯೊಳಗೆ ಉಳಿದ ಗಾಳಿ ಹೋಗಲಿ ಎಂದು ಕಾದೆವು. ಊಟದ ಹೊತ್ತು ಬಂದು ಹೋಯಿತು. ಬುತ್ತಿ ಬಿಚ್ಚುವ ಧೈರ್ಯ ಯಾರಿಗೂ ಆಗಲಿಲ್ಲ. ಬುರುಡೆ ಒಣಗಿಯೇ ಉಳಿಯಿತು. ಆದರೂ ಅದರ ಒಳಗೋಡೆಯನ್ನು ಶುದ್ಧ ನೀರಿನಿಂದ ಅಲುಬಿ, ಆ ನೀರನ್ನು ಕೆಮಿಸ್ಟರು ಯಂತ್ರಕ್ಕೆ ಕೊಟ್ಟರು. ಗೆರೆ ಹರಿಯಿತು. ಶಿಖರ ಏರಿದ್ದ ಜಾಗ ಬಂತು, ದಾಟಿ ಹೋಯಿತು. ಗೆರೆ ತಲೆ ಎತ್ತಲೇ ಇಲ್ಲ.

ಕೆಮಿಸ್ಟರು ಮೀಸೆಯೊಳಗೆ ನಕ್ಕರು. "ಸಾಹೇಬ್ರ, ಈಗ ಚಾಲೂ ಮಾಡಿ ನೋಡ್ರಲ್ಲ."

ಮಾಲಕರು ಹೆಚ್ಚುಕಡಿಮೆ ಓಡಿಯೇ ಹೋದರು. ಗಾಲಿ ತಿರುಗಿಸಿ, ಬರ್ಫದ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಇಷ್ಟು ದಿನ ಆ ಕೋಣೆಯ ಬಾಗಿಲಲ್ಲಿ ನಿಂತು ಮಾತಾಡಿ ಹೋಗುತ್ತಿದ್ದ ಮನುಷ್ಯ ನೆಲಕ್ಕೆ ಕೂತು, ಕನ್ನಡಕ ಹಣೆಗೇರಿಸಿ ಗಾಜಿನೊಳಗೆ ಇಣುಕುತ್ತಿದ್ದರು. ನಾನೂ ಸ್ಟೂಲು ಬಿಟ್ಟು ಹತ್ತಿರ ಬಂದೆ. ಮೊದಲು ಮಂಜು. ಆಮೇಲೆ ಹನಿ.

"ಬಂತು!" ಎಂದು ಕೂಗಿದವರು ಅವರೇ. "ಬಾಯಿ, ಬಂತ್ರಿ! ನೋಡ್ರಿ ಇಲ್ಲಿ, ಬಂತು!"

"ಅದು ನನಗ ಗೊತ್ತದ ಸರ್," ಎಂದಳು ಸೊಸೆ.

ಮೂರನೆಯ ಸಲ ಯಂತ್ರ ಗೆರೆ ಎಳೆದಾಗ ಆ ಶಿಖರ ಮತ್ತೆ ಅದೇ ಜಾಗದಲ್ಲಿ ನಿಂತಿತ್ತು. ಕೆಮಿಸ್ಟರು ಆ ಮೂರೂ ಚಿತ್ರಗಳನ್ನು ಕಾಗದದ ಮೇಲೆ ತೆಗೆದು ಸೊಸೆಯ ಕೈಗೆ ಕೊಟ್ಟು, "ಮೇಡಂ, ನಿಮ್ಮ ಗೈಡಿಗೆ ಇವತ್ತೇ ಕಳಸ್ರಿ. ನಡುವಿಂದು ಮರೀಬ್ಯಾಡ್ರಿ, ಅದೇ ಜೀವ," ಎಂದರು. ನಡುವಿನದೆಂದರೆ ಏನೂ ಇಲ್ಲದ, ನೆಲಕ್ಕಂಟಿದ ಗೆರೆ. ಅದೇ ಜೀವ ಅಂದದ್ದು ನನಗೆ ಬಹಳ ಹಿಡಿಸಿತು. ಏನೂ ಬರದೇ ಇದ್ದದ್ದು ಬಂದದ್ದಕ್ಕೆ ಸಾಕ್ಷಿಯಾಗಿತ್ತು.

ಮಾಲಕರು ಕರವಸ್ತ್ರದಿಂದ ಕೈ ಒರೆಸಿಕೊಂಡು ಕೋಣೆಯನ್ನೊಮ್ಮೆ ಸುತ್ತ ನೋಡಿದರು. "ಈ ಸಿಲಿಂಡರಿನ ಗಾಳಿ ಆಯ್ತು. ನಮ್ಮ ಚಿಮಣಿ ಗಾಳಿ ಕೊಟ್ರ ನಡೀತದೇನ್ರಿ?"

"ತೊಳೆದು ಕೊಡ್ಬೇಕಾಗ್ತದ್ರಿ. ಅದರಾಗ ಗಂಧಕ ಇದ್ರ ಪುಡಿ ತಡಿಯೂದಿಲ್ಲ. ಅದಕ್ಕ ಬ್ಯಾರೆ ಕೆಲಸ ಅದ. ದಿನ ಹಿಡೀತದ."

"ಹಿಡೀಲಿ. ದಿನಕ್ಕೇನು ಬರ ಬಂದದ?" ಎಂದವರೇ ಬಾಗಿಲಿಗೆ ಹೋಗಿ ಕಟ್ಟೆಯ ಮೇಲಿದ್ದ ಆಳುಗಳಿಗೆ ಕೂಗಿದರು. "ಏ, ಯಾರಪ್ಪಾ ಇಲ್ಲಿ ತಂದಿಟ್ಟಿದ್ದು? ತಗೀರಿ ಇವು! ಬಾಯೋರು ಒಳಗ ಹೊರಗ ಹ್ಯಾಂಗ ಓಡಾಡಬೇಕು?"

"ನೀವೇ ಹೇಳಿದ್ರಲ್ರಿ ಮಾಲಕ್ರ, ಮುಂಜಾನೆ," ಎಂದ ಒಬ್ಬ.

"ಮುಂಜಾನೆ ಹೇಳಿದ್ದು ಮುಂಜಾನಿಗಿ. ಈಗ ಹೇಳೂದು ಈಗ. ಹಿಂದ ಶೆಡ್ಡಿನಾಗ ಹಾಕ್ರಿ, ತಾಡಪತ್ರಿ ಹೊಚ್ಚರಿ. ಈ ಕೋಣಿ ಕಡಿ ಮತ್ತ ತರಬ್ಯಾಡ್ರಿ."

ಡ್ರಮ್ಮುಗಳನ್ನು ಒಂದೊಂದಾಗಿ ಅಡ್ಡ ಮಲಗಿಸಿ ಉರುಳಿಸಿಕೊಂಡು ಹೋದರು. ಸಿಮೆಂಟಿನ ಮೇಲೆ ಗಡಗಡ ಸದ್ದು. ಕಟ್ಟೆ ಖಾಲಿಯಾಗುತ್ತಾ ಬಂದಂತೆ ಬಾಗಿಲಿನಿಂದ ಬಿಸಿಲು ಒಳಗೆ ಬಂದು, ಅವಳ ಕೊಳವೆ, ಕುಲುಮೆ, ಕೊನೆಗೆ ಅವಳ ಕಾಲಿನ ತನಕ ಬಂತು. ನಾನು ಅಲ್ಲೇ ನಿಂತು ಎಲ್ಲ ಡ್ರಮ್ಮುಗಳೂ ಹೋಗುವ ತನಕ ನೋಡಿದೆ. ಶಿವನೇ, ನಿನ್ನ ಕೃಪೆ ನಿಧಾನಕ್ಕೆ ಬರುತ್ತದೆ, ಬಂದಾಗ ಇಷ್ಟು ಸದ್ದು ಮಾಡಿಕೊಂಡು ಬರುತ್ತದೆ ಅಂತ ನನಗೆ ತಿಳಿದಿರಲಿಲ್ಲ.

ಹಿಂದಿನಿಂದ ಸೊಸೆ ನನ್ನ ಸೆರಗು ಎಳೆದಳು. ಅವಳ ಮುಖದ ಮೇಲೆ ಕಪ್ಪು ಪುಡಿಯ ಗೆರೆ. ಆಷಾಢದಿಂದ ಅವಳ ಬಾಯಿಂದ ನಾನು ಕೇಳಬೇಕೆಂದು ಕಾದಿದ್ದ ಮಾತು ಆಗ ಬಂತು.

"ಅತ್ತಿ, ಬುತ್ತಿ ಬಿಚ್ಚರಿ. ಭಾಳ ಹಸಿವ್ಯಾಗ್ಯಾದ."

ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾಹಿಂಡಿ. ನಾಲ್ವರೂ ಅಂಗಳದ ಬೇವಿನ ಗಿಡದ ಕೆಳಗೆ ಕೂತೆವು. ಮಾಲಕರೂ ಎರಡನೆಯ ರೊಟ್ಟಿಗೆ ಕೈ ಚಾಚಿದರು. ಸೊಸೆ ಮಾತ್ರ ಯಾರಿಗೂ ಕಾಯದೆ, ಯಾರನ್ನೂ ನೋಡದೆ, ರೊಟ್ಟಿಯ ಮೇಲೆ ರೊಟ್ಟಿ ಉಂಡಳು. ನಾನು ಬಡಿಸುತ್ತಾ ಹೋದೆ.